ಅದು ಮರೆವಲ್ಲ, ಸೋಡಿಯಂ

ಯಜಮಾನರು ತೀರಿಕೊಂಡ ಮೇಲೆ ನನ್ನ ನಿದ್ದೆ ಹೋಯಿತು. ಬೆಳಗಿನ ಜಾವ ಎಚ್ಚರವಾಗಿ ಎದೆ ಡವಡವ ಎನ್ನುತ್ತಿತ್ತು. ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿತ್ತು. ತಿಂಗಳುಗಟ್ಟಲೆ ಹೀಗೇ ಆದಾಗ ಮಗಳು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಆಗ ನನಗೆ 69 ವರ್ಷ. ಅವರು ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಎಂಬ ಮಾತ್ರೆ 5 ಮಿಲಿಗ್ರಾಂ ಬರೆದುಕೊಟ್ಟರು. ವಯಸ್ಸಾದವರಿಗೆ ಕಡಿಮೆ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರಂತೆ. ಗುಣ ಕಾಣಲು ಕೆಲವು ವಾರ ಬೇಕು, ಮಧ್ಯೆ ಬಿಡಬೇಡಿ ಎಂದರು.

ನನಗೆ ಬಿಪಿ ಇದೆ. ಅದಕ್ಕೆ ವರ್ಷಗಳಿಂದ ಹೈಡ್ರೋಕ್ಲೋರೋಥಯಜೈಡ್ ನುಂಗುತ್ತಿದ್ದೆ. ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆ ಅದು. ಆ ಚೀಟಿ ಬರೆದವರು ಒಬ್ಬರು, ಈ ಚೀಟಿ ಬರೆದವರು ಇನ್ನೊಬ್ಬರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಮೂರನೇ ವಾರ ತಲೆನೋವು, ವಾಕರಿಕೆ ಶುರುವಾಯಿತು. ನಡೆದರೆ ಕಾಲು ತಡವರಿಸುತ್ತಿತ್ತು. ಒಂದು ಬೆಳಿಗ್ಗೆ ಮೊಮ್ಮಗಳ ಹೆಸರೇ ಬಾಯಿಗೆ ಬರಲಿಲ್ಲ. ಆ ದಿನದ್ದು ನನಗೆ ಅಲ್ಲಲ್ಲಿ ಮಾತ್ರ ನೆನಪಿದೆ, ಉಳಿದದ್ದು ಮಕ್ಕಳು ಹೇಳಿದ್ದು. ಮೊದಲು ತೋರಿಸಿದ ಡಾಕ್ಟರು ನನ್ನನ್ನು ಏನೂ ಕೇಳಲಿಲ್ಲ. ಮಗನ ಕಡೆ ತಿರುಗಿ, "ವಯಸ್ಸಾಯ್ತಲ್ಲ, ಮರೆವು ಶುರುವಾಗಿರಬಹುದು" ಎಂದರಂತೆ. ಆ ಮಾತು ಮಾತ್ರ ನನಗೂ ಕೇಳಿಸಿತ್ತು. ಎದುರಿಗೇ ಕೂತಿದ್ದೆ. ಬಾಯಿ ತೆರೆಯಲು ಆಗಲಿಲ್ಲ.

ಮಗಳು ಒಪ್ಪಲಿಲ್ಲ. "ವರ್ಷಗಟ್ಟಲೆ ನಿಧಾನವಾಗಿ ಬರೋ ಮರೆವು ನಾಲ್ಕು ದಿನದಲ್ಲಿ ಬರುತ್ತಾ? ಹೋದ ವಾರ ಅಮ್ಮ ಹೀಗಿರಲಿಲ್ಲ" ಎಂದು ಹಟ ಹಿಡಿದು, ಮನೆಯಲ್ಲಿದ್ದ ನನ್ನ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಡಿಸಿದಳು. ಅಲ್ಲಿ ರಕ್ತ ಪರೀಕ್ಷೆ ಮಾಡಿದರು. ರಕ್ತದಲ್ಲಿ ಸೋಡಿಯಂ ಎಂಬ ಲವಣಾಂಶ 135ರಿಂದ 145ರ ಒಳಗೆ ಇರಬೇಕು. ನನ್ನದು 124.

ದಾಖಲು ಮಾಡಿಕೊಂಡು ಎರಡೂ ಮಾತ್ರೆ ನಿಲ್ಲಿಸಿದರು. ನೀರಿಗೂ ಮಿತಿ ಹಾಕಿದರು. ಇದು ನಮಗೆ ತುಂಬ ವಿಚಿತ್ರ ಅನ್ನಿಸಿತು. ಸುಸ್ತು ಅಂತ ಮನೆಯವರೆಲ್ಲ ಪಾಪ, ನೀರು ಕುಡಿಸುತ್ತಲೇ ಇದ್ದರು. ವಾರ್ಡಿನ ಡಾಕ್ಟರು ಹಾಸಿಗೆಯ ಪಕ್ಕ ಕೂತು ನನಗೇ ವಿವರಿಸಿದರು. ಖಿನ್ನತೆಯ ಈ ಬಗೆಯ ಮಾತ್ರೆ ಕೆಲವರ ದೇಹದಲ್ಲಿ ನೀರು ಹಿಡಿದಿಡುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಮೂತ್ರಪಿಂಡ ನೀರನ್ನು ಹೊರಗೆ ಬಿಡುವುದಿಲ್ಲ, ರಕ್ತದಲ್ಲಿರುವ ಸೋಡಿಯಂ ತೆಳುವಾಗುತ್ತದೆ. ಬಿಪಿಯ ಮಾತ್ರೆ ಇನ್ನೊಂದು ದಾರಿಯಿಂದ ಅದನ್ನೇ ಇಳಿಸುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ ಎಂದರು. ಊಟದಲ್ಲಿ ಉಪ್ಪು ಕಡಿಮೆಯಾಗಿ ಆದದ್ದಲ್ಲ, ಉಪ್ಪು ಜಾಸ್ತಿ ತಿಂದರೆ ಸರಿಹೋಗುವಂಥದ್ದೂ ಅಲ್ಲ. ಸೋಡಿಯಂ ಏರಿಸುವುದನ್ನೂ ಅವಸರದಲ್ಲಿ ಮಾಡಬಾರದಂತೆ, ಮಿದುಳಿಗೆ ಅಪಾಯ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದರು. ಮೊಮ್ಮಗಳ ಹೆಸರು ತಾನಾಗಿ ಬಾಯಿಗೆ ಬಂದಾಗ ನಾನು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ನೋಡಲು ಬಂದವರೆಲ್ಲ, "ಇಂಥ ಮಾತ್ರೆಗಳೇ ಬೇಡ, ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎನ್ನುವವರೇ. ಪ್ರೀತಿಯಿಂದಲೇ ಹೇಳುತ್ತಿದ್ದರು, ಗೊತ್ತು. ಆದರೆ ಬೆಳಗಿನ ಜಾವದ ಆ ಭಯ ಎಲ್ಲಿಗೂ ಹೋಗಿರಲಿಲ್ಲ. ಬಿಪಿಗೆ ಒಂದು ಮಾತ್ರೆ ಒಗ್ಗದಿದ್ದರೆ ಬಿಪಿಗೇ ಔಷಧಿ ಬೇಡ ಎಂದು ಯಾರಾದರೂ ಹೇಳುತ್ತಾರಾ? ನನಗೂ ಅದರ ಬದಲು ಅಮ್ಲೋಡಿಪಿನ್ ಕೊಟ್ಟಿದ್ದರು, ಅದನ್ನು ಯಾರೂ ಬೇಡ ಎನ್ನಲಿಲ್ಲ. ಮನಸ್ಸಿನ ಮಾತ್ರೆಗೆ ಮಾತ್ರ ಬೇರೆ ನ್ಯಾಯ ಯಾಕೆ? ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಸಿಟ್ಟು ಅದು.

ಎರಡೂ ಕಡೆಯ ಚೀಟಿ, ಆಸ್ಪತ್ರೆಯ ವರದಿ ಎಲ್ಲ ಹಿಡಿದುಕೊಂಡು ಮನೋವೈದ್ಯರ ಹತ್ತಿರ ಮತ್ತೆ ಹೋದೆ. "ನನಗೆ ಚಿಕಿತ್ಸೆ ಬೇಕು, ಆದರೆ ಸೋಡಿಯಂ ನೋಡಿಕೊಂಡು ಕೊಡಿ" ಎಂದೆ. ಅವರು ವರದಿಯನ್ನು ನಿಧಾನವಾಗಿ ಓದಿದರು. ಆಮೇಲೆ ಮಿರ್ಟಜಪಿನ್ ಬರೆದರು, ರಾತ್ರಿಗೆ 7.5 ಮಿಲಿಗ್ರಾಂ. ಇದರಲ್ಲಿ ಸೋಡಿಯಂ ಇಳಿಯುವ ಸಾಧ್ಯತೆ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ, ಅದಕ್ಕೇ ರಕ್ತ ಪರೀಕ್ಷೆ ತಪ್ಪಿಸಬೇಡಿ ಎಂದರು. ನಿದ್ದೆ ಬರಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ರಾತ್ರಿ ಎದ್ದರೆ ಹುಷಾರಾಗಿ ನಡೆಯಿರಿ ಎಂದೂ ಹೇಳಿದರು.

ಮುಂದಿನ ಪರೀಕ್ಷೆಯಲ್ಲಿ ಸೋಡಿಯಂ 137 ಬಂತು. ಮೊದಲು ನಿದ್ದೆ ಸರಿಹೋಯಿತು, ಮನಸ್ಸು ಅದಕ್ಕಿಂತ ತಡವಾಗಿ. ಈಗ ಯಾವ ಡಾಕ್ಟರ ಹತ್ತಿರ ಹೋದರೂ, ಕಣ್ಣಿನವರಾದರೂ ಸರಿ, ನನ್ನ ಮಾತ್ರೆಗಳ ಪಟ್ಟಿಯನ್ನು ಮೊದಲು ಮೇಜಿನ ಮೇಲೆ ಇಡುತ್ತೇನೆ. ಮಂಡಿನೋವಿಗೆ ಮಾತ್ರೆ ಬೇಕಾದರೂ ಕೇಳಿಯೇ ತೆಗೆದುಕೊಳ್ಳುತ್ತೇನೆ. ಚೇತರಿಸಿಕೊಂಡ ಮೇಲೂ ಸಾಕಷ್ಟು ಕಾಲ ಮಿರ್ಟಜಪಿನ್ ಮುಂದುವರಿಸಬೇಕು, ನಿಲ್ಲಿಸುವಾಗಲೂ ಹಂತಹಂತವಾಗಿ ಎಂದು ಮನೋವೈದ್ಯರು ಹೇಳಿದ್ದಾರೆ. ನನಗೇನೂ ಅವಸರವಿಲ್ಲ.