ಹುಡುಕಿಕೊಂಡು ಬರುವ ದೇವರು

ಬೈಬಲಿನಲ್ಲಿರುವ ಲೂಕನ ಸುವಾರ್ತೆಯ 15ನೇ ಅಧ್ಯಾಯವನ್ನು ಇವತ್ತು ಮತ್ತೆ ಓದಿದೆ. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಮನೆ ಬಿಟ್ಟು ಹೋದ ಮಗ. ಯೇಸುಸ್ವಾಮಿ ಈ ಕಥೆಗಳನ್ನು ಸುಮ್ನೆ ಹೇಳಿದ್ದಲ್ಲ. ಈತ ಪಾಪಿಗಳನ್ನು ಸೇರಿಸಿಕೊಂಡು ಅವರ ಜೊತೆ ಊಟ ಮಾಡುತ್ತಾನೆ ಎಂದು ಆಗಿನ ಯೆಹೂದಿ ಧರ್ಮದ ಮುಖಂಡರಾದ ಫರಿಸಾಯರು, ಶಾಸ್ತ್ರಿಗಳು ಗೊಣಗುತ್ತಿದ್ದರು. ಅವರಿಗೆ ಕೊಟ್ಟ ಉತ್ತರ ಇದು.

ನೂರರಲ್ಲಿ ಒಂದು ಕುರಿ ಹೋದರೆ ಲೆಕ್ಕಕ್ಕೆ ದೊಡ್ಡ ನಷ್ಟವಲ್ಲ. ಆದರೂ ಕಾಯುವವನು 99 ಕುರಿಗಳನ್ನು ಬಿಟ್ಟು ಹೊರಡುತ್ತಾನೆ. ಸಿಗುವ ತನಕ ಹುಡುಕುತ್ತಾನೆ. ಸಿಕ್ಕಾಗ ಹೆಗಲ ಮೇಲೆ ಹೊತ್ತು ತರುತ್ತಾನೆ, ಅದೂ ಸಂತೋಷದಿಂದ. ನಾಣ್ಯಕ್ಕಂತೂ ತಾನು ಕಳೆದುಹೋಗಿದ್ದೇ ಗೊತ್ತಿರುವುದಿಲ್ಲ! ನಾವು ತಿರುಗಿ ನೋಡುವ ಮೊದಲೇ ದೇವರ ಪ್ರೀತಿ ನಮ್ಮನ್ನು ಹುಡುಕಿಕೊಂಡು ಹೊರಟಿರುತ್ತದೆ. ನನಗೆ ಜಾಸ್ತಿ ತಟ್ಟಿದ್ದು ಇದೇ.

ಕಿರಿಯ ಮಗನ ಕಥೆ ಎಲ್ಲರಿಗೂ ಗೊತ್ತು. ತನ್ನ ಪಾಲಿನ ಆಸ್ತಿ ತೆಗೆದುಕೊಂಡು ಮನೆ ಬಿಟ್ಟು, ಎಲ್ಲವನ್ನೂ ಹಾಳುಮಾಡಿಕೊಂಡು, ಕೂಲಿಯವನಾಗಿ ಇಟ್ಟುಕೋ ಎಂದು ತಂದೆಯನ್ನು ಕೇಳಲು ಬಂದವನು ಅವನು. ಆ ಮಾತು ಬಾಯಿಗೆ ಬರುವ ಮೊದಲೇ ತಂದೆ ಓಡಿಹೋಗಿ ಅಪ್ಪಿಕೊಂಡಾಗಿತ್ತು.

ಹಿರಿಯ ಮಗನನ್ನು ಮಾತ್ರ ನಾವು ಬೇಗ ಮರೆಯುತ್ತೇವೆ, ಅಲ್ವಾ? ಅವನು ಮನೆ ಬಿಟ್ಟವನಲ್ಲ. ವರ್ಷಗಟ್ಟಲೆ ದುಡಿದವನು. ಆದರೆ ತಮ್ಮ ಬಂದ ಖುಷಿಗೆ ಸೇರಲಾರದೆ ಹೊರಗೇ ನಿಂತ. ಮನೆಯಲ್ಲಿದ್ದೇ ದೂರವಾದವನು. ತಂದೆ ಔತಣ ಬಿಟ್ಟು ಅವನಿಗಾಗಿಯೂ ಹೊರಗೆ ಬರುತ್ತಾನೆ, ಒಳಗೆ ಬಾ ಎಂದು ಬೇಡಿಕೊಳ್ಳುತ್ತಾನೆ. ಅವನು ಹೋದನೋ ಇಲ್ಲವೋ, ಯೇಸುಸ್ವಾಮಿ ಹೇಳುವುದೇ ಇಲ್ಲ. ತಪ್ಪದೆ ಚರ್ಚಿಗೆ ಹೋಗುವ ನಮ್ಮಂಥವರಿಗೆ ಅಂತಲೇ ಅದನ್ನು ಹಾಗೆ ಬಿಟ್ಟಿದ್ದಾರೆ ಅನಿಸುತ್ತದೆ.