ನೀರು ಕಟ್ಟಿ ಕಾದ ದಿನಗಳು

ಅಡುಗೆಮನೆಯ ಸೀಲಿಂಗ್‌ನಲ್ಲಿ ಮೊದಲು ಅಂಗೈಯಷ್ಟು ತೇವ ಕಂಡಿತು. ಮಳೆಗಾಲ ಮುಗಿದರೂ ಆರಲಿಲ್ಲ. ಅದರ ನೇರ ಮೇಲೆ ಮಹಡಿಯ ಬಚ್ಚಲುಮನೆ. ಮೈಸೂರಿನಲ್ಲಿ 1986ರಲ್ಲಿ ಅಪ್ಪ ಕಟ್ಟಿಸಿದ ಮನೆ. ಅಪ್ಪ ಈಗಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯೋಕೂ ಅಮ್ಮ ಹಿಂದೆಮುಂದೆ ನೋಡುತ್ತಾರೆ.

ಮೊದಲು ಬಂದ ಕಂಟ್ರಾಕ್ಟರ್ ಐದು ನಿಮಿಷ ನೋಡಿದರು. 'ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸೋಣ ಮೇಡಂ, ನಾಲ್ಕು ದಿನದ ಕೆಲಸ' ಅಂದರು. ಸಂಜೆ ವಾಟ್ಸಾಪ್‌ನಲ್ಲಿ ಒಂದೇ ಸಾಲು ಬಂತು: ಒಟ್ಟು ಇಷ್ಟು, ಅರ್ಧ ಅಡ್ವಾನ್ಸ್. ಪೈಪ್ ಅದರಲ್ಲಿ ಸೇರಿದೆಯಾ, ಒಡೆದ ಕಲ್ಲುಮಣ್ಣು ಸಾಗಿಸೋದು ಯಾರು? ಕೇಳಿದ್ದಕ್ಕೆಲ್ಲ 'ಮಾಡ್ಕೊಡ್ತೀವಿ ಬಿಡಿ' ಅನ್ನೋ ಒಂದೇ ಉತ್ತರ. ಬರೆದುಕೊಡಿ ಅಂತ ಕೇಳೋಕೆ ನಮಗೆ ಯಾಕೋ ಸಂಕೋಚ. ಕೇಳಲೇಬೇಕು. ನಾನು ಕೇಳಿದೆ, ಅವರು ಮತ್ತೆ ಫೋನ್ ಎತ್ತಲಿಲ್ಲ.

ಎದುರುಮನೆಯವರು ಹೇಳಿದ ಮೇಸ್ತ್ರಿ ಭಾನುವಾರ ಬಂದರು. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಟೈಲ್ ತಟ್ಟಿದರು. ಮೂಲೆಯಲ್ಲಿ ಟೊಳ್ಳು ಸದ್ದು. 'ಅಕ್ಕಾ, ಕೆಳಗೆ ನೀರು ಇಳೀತಿದೆ. ಒಡೀಲೇಬೇಕು' ಅಂದರು. ಒಡೆಯೋ ಕೂಲಿ, ಗಾರೆ, ವಾಟರ್‌ಪ್ರೂಫಿಂಗ್, ಟೈಲ್ಸ್ ಚದರಡಿಗೆ ಎಷ್ಟು, ಎಲ್ಲ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟರು. ಸಾಮಾನು ನಮ್ಮದು, ದುಡ್ಡು ನಾಲ್ಕು ಕಂತಿನಲ್ಲಿ.

ಒಡೆದು ಒಣಗಿಸಿ ಗಾರೆ ಮುಗಿಸುವಷ್ಟರಲ್ಲಿ ಮೂರು ವಾರ ಆಯಿತು. ಸೀಲಿಂಗ್ ಪೂರ್ತಿ ಆರಿತ್ತು. ವಾಟರ್‌ಪ್ರೂಫಿಂಗ್ ಎರಡು ಕೋಟ್ ಆಗಿತ್ತು. ಟೈಲ್ಸ್ ಗಾಡಿಯೂ ಬಂದಿತ್ತು. ನನ್ನ ರಜೆ ಮುಗಿಯುತ್ತಿತ್ತು. ಆಗ ಮೇಸ್ತ್ರಿ ನೀರು ಹೋಗುವ ತೂತಿಗೆ ಬಟ್ಟೆ ಬಿಗಿದು, ಎರಡು ಇಂಚು ನೀರು ಕಟ್ಟಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದರು. '48 ಗಂಟೆ ಯಾರೂ ಮುಟ್ಟಬೇಡಿ.' ಎರಡು ದಿನ ಸುಮ್ನೆ ಹಾಳು ಅಂತ ನನಗೆ ಸಿಟ್ಟು ಬಂತು. ಅವರು ಮೆಲ್ಲಗೆ ಹೇಳಿದರು: 'ಟೈಲ್ಸ್ ಹಾಕಿದ ಮೇಲೆ ಲೀಕ್ ಹುಡುಕೋದು ಕಷ್ಟ ಅಕ್ಕಾ.'

ಮರುದಿನ ಬೆಳಗಿನ ಜಾವ ಅಮ್ಮ ನನ್ನನ್ನು ಎಬ್ಬಿಸಿದರು. ಕೈಯಲ್ಲಿ ಟಾರ್ಚ್. ಸೀಲಿಂಗ್‌ನಲ್ಲಿ ಪೈಪ್ ಇಳಿದ ಕಡೆ ರೂಪಾಯಿ ನಾಣ್ಯದಷ್ಟು ಒದ್ದೆ.

ಮೇಸ್ತ್ರಿ ಬಂದು ನೋಡಿದರು. ಯಾರ ಮೇಲೂ ತಪ್ಪು ಹಾಕಲಿಲ್ಲ. ಕಟ್ಟಿದ್ದ ನೀರು ಹೊರಗೆ ಬಿಟ್ಟು, ನೀರು ಹೋಗುವ ತೂತಿನಲ್ಲಿ ಕೂರಿಸಿದ ನಹಾನಿ ಟ್ರ್ಯಾಪ್ ಸುತ್ತ ಕೆತ್ತಿ, ಸಂದು ತುಂಬಿ, ಮತ್ತೆ ಕೋಟ್ ಹೊಡೆದರು. ಅದು ಒಣಗಿದ ಮೇಲೆ ಮತ್ತೆ ನೀರು, ಮತ್ತೆ 48 ಗಂಟೆ. ಆ ಕೆಲಸಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೇಳಲಿಲ್ಲ. ನಾನು ರಜೆ ಮುಂದುವರಿಸಿದೆ.

ಗಡುವು ಮುಗಿದ ಬೆಳಿಗ್ಗೆ ಅಮ್ಮ ಸ್ಟೂಲ್ ಹತ್ತಿದರು. ನಾನು ಹಿಡಿದುಕೊಂಡೆ. ಸೀಲಿಂಗ್‌ಗೆ ಅಂಗೈ ಒತ್ತಿ ಅಮ್ಮ ತುಂಬ ಹೊತ್ತು ಹಾಗೇ ನಿಂತರು.

'ಒಣಗಿದೆ ಕಣೆ' ಅಂದರು. 'ಮೇಸ್ತ್ರಿಗಳಿಗೆ ಟೈಲ್ಸ್ ಶುರು ಮಾಡೋಕೆ ಹೇಳು.'