ಈ ಸೀಸೆ ಯಾವ ಕಾಲದ್ದು?

ಹಳೆಯ ಗಾಜಿನ ಸೀಸೆಗಳನ್ನು ಕೂಡಿಡಲು ಹೊಸದಾಗಿ ತೊಡಗಿದವರು ಫೋಟೊ ಕಳಿಸಿ ನನ್ನನ್ನು ಕೇಳುವುದು ಹೆಚ್ಚಾಗಿ ಇದೊಂದೇ ಪ್ರಶ್ನೆ. ಫೋಟೊದಲ್ಲಿ ಸಾಮಾನ್ಯವಾಗಿ ಸೀಸೆಯ ಮೈಮೇಲಿನ ಅಕ್ಷರಗಳಷ್ಟೇ ಕಾಣುತ್ತವೆ. ನನಗೆ ಬೇಕಾಗುವುದು ಬಾಯಿ ಮತ್ತು ತಳ. ಸೀಸೆಯನ್ನು ಹೇಗೆ ಮಾಡಿದರು ಎಂಬುದರ ಗುರುತು ಉಳಿಯುವುದು ಆ ಎರಡು ಕಡೆ, ಕಾಲ ತಿಳಿಯುವುದೂ ಅಲ್ಲಿಂದಲೇ.

ಮೊದಲು ಅಚ್ಚಿನ ಗೆರೆಯನ್ನು ಹುಡುಕಿ. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಗಾಜಿನ ಮೇಲೆ ಸಣ್ಣ ಏಣು ಮೂಡಿರುತ್ತದೆ. ತಳದ ಕಡೆಯಿಂದ ಉಗುರಾಡಿಸುತ್ತ ಮೇಲಕ್ಕೆ ಬನ್ನಿ. ಏಣು ಕತ್ತನ್ನು ದಾಟಿ ಬಾಯಿಯ ಅಂಚಿನವರೆಗೂ ಹೋಗಿದ್ದರೆ ಆ ಸೀಸೆ ಬಹುಮಟ್ಟಿಗೆ ಯಂತ್ರದ್ದು. ಅಮೆರಿಕದ ಟೊಲೆಡೊದಲ್ಲಿ ಮೈಕೆಲ್ ಓವೆನ್ಸ್ ಪೂರ್ಣ ಸ್ವಯಂಚಾಲಿತ ಸೀಸೆ ಯಂತ್ರವನ್ನು ರೂಪಿಸಿದ್ದು 1903ರ ಸುಮಾರಿಗೆ. ಅಲ್ಲಿಂದ ಎರಡು ದಶಕಗಳೊಳಗೆ ಆ ದೇಶದಲ್ಲಿ ಬಾಯಿಯಿಂದ ಊದಿ ಸೀಸೆ ಮಾಡುವ ಕೆಲಸ ಬಹುತೇಕ ನಿಂತುಹೋಯಿತು. ಬೇರೆ ದೇಶಗಳಲ್ಲಿ ಕೈಕೆಲಸ ಇನ್ನಷ್ಟು ಕಾಲ ಉಳಿಯಿತು. ಆದ್ದರಿಂದ ನಾನು ಇಲ್ಲಿ ಹೇಳುವ ವರ್ಷಗಳನ್ನು ಎಲ್ಲ ದೇಶಗಳ ಸೀಸೆಗೂ ಹಾಗೆಯೇ ಹಚ್ಚಬೇಡಿ.

ಗೆರೆ ಕತ್ತಿನಲ್ಲೇ ನಿಂತಿದೆಯೇ? ಹಾಗಿದ್ದರೆ ಮೈಯನ್ನು ಅಚ್ಚಿನೊಳಗೆ ಊದಿ, ಬಾಯಿಯನ್ನು ಆಮೇಲೆ ಕೈಯಿಂದ ಮಾಡಿದ್ದಾರೆ. ಅದರಲ್ಲೂ ಎರಡು ಬಗೆ. ಬೇರೆ ಬಿಸಿ ಗಾಜನ್ನು ಕತ್ತಿಗೆ ಸುತ್ತಿ ಬಾಯಿ ಕಟ್ಟಿದ್ದರೆ ಗೆರೆ ಆ ಸುತ್ತಿನ ಕೆಳಗೆ ಥಟ್ಟನೆ ಮುಗಿಯುತ್ತದೆ. ಕೆಲವೊಮ್ಮೆ ಹೆಚ್ಚಾದ ಗಾಜು ಕತ್ತಿನ ಮೇಲೆ ಇಳಿದು ಗಟ್ಟಿಯಾಗಿರುತ್ತದೆ. ಅದೇ ಕತ್ತಿನ ತುದಿಯನ್ನು ಮತ್ತೆ ಕಾಯಿಸಿ ಉಪಕರಣ ತಿರುಗಿಸಿ ರೂಪ ಕೊಟ್ಟಿದ್ದರೆ ಗೆರೆ ಮೆಲ್ಲಗೆ ಅಳಿಸಿಹೋದಂತೆ ಕಾಣುತ್ತದೆ. ಮೊದಲನೆಯದು ಹಳೆಯ ಪದ್ಧತಿ. ಅಮೆರಿಕದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಎರಡನೆಯದು ಅದರ ಜಾಗಕ್ಕೆ ಬಂದಿತ್ತು. ಈ ವ್ಯತ್ಯಾಸ ಕಣ್ಣಿಗೆ ಹತ್ತಲು ಹಲವು ಸೀಸೆಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸವೂ ಅದೇ.

ಗೆರೆಯೇ ಇಲ್ಲದ ಸೀಸೆ ಸಿಕ್ಕರೆ ಬಹಳ ಪ್ರಾಚೀನವೆಂದು ಹಿಗ್ಗಬೇಡಿ. ಅಚ್ಚಿನೊಳಗೇ ಸೀಸೆಯನ್ನು ತಿರುಗಿಸಿ ಗೆರೆ ಅಳಿಸುವ ಕ್ರಮವೂ ಇತ್ತು. ಬೆಳಕಿಗೆ ಹಿಡಿದಾಗ ಮೈ ಸುತ್ತ ಅಡ್ಡಡ್ಡ ಸಣ್ಣ ಗೀರುಗಳು ಕಂಡರೆ ಅದು ಹಾಗೆ ಮಾಡಿದ್ದು.

ಇನ್ನು ತಳ. ಊದುವವನು ಬಾಯಿಯ ಕೆಲಸ ಮಾಡುವಾಗ ಸೀಸೆಯನ್ನು ಹಿಡಿಯಲು ತಳಕ್ಕೊಂದು ಕಬ್ಬಿಣದ ಸರಳು ಅಂಟಿಸುತ್ತಿದ್ದ. ಅದನ್ನು ಮುರಿದು ತೆಗೆದಾಗ ಉಳಿಯುವ ಒರಟು ಗಾಯವೇ ಪಾಂಟಿಲ್ ಗುರುತು. 19ನೇ ಶತಮಾನದ ಮಧ್ಯಭಾಗದಲ್ಲಿ ಸೀಸೆಯ ಮೈಯನ್ನು ಸುತ್ತುವರಿದು ಹಿಡಿಯುವ ಇಕ್ಕಳ ಬಂದ ಮೇಲೆ ದಿನಬಳಕೆಯ ಸೀಸೆಗಳಲ್ಲಿ ಈ ಗಾಯ ಅಪರೂಪವಾಯಿತು. ಹೊಸಬರು ಇದನ್ನು ಓವೆನ್ಸ್ ಯಂತ್ರ ತಳದ ಮೇಲೆ ಬಿಡುವ ಉಂಗುರದಂಥ ಗುರುತಿನೊಂದಿಗೆ ಬೆರೆಸುತ್ತಾರೆ. ಯಂತ್ರದ ಉಂಗುರ ತೆಳುವಾದ ಗೀರು, ಹಲವು ಸಲ ತಳದ ನಡುವಿನಿಂದ ಸರಿದಿರುತ್ತದೆ. ಪಾಂಟಿಲ್ ಗಾಯ ಬೆರಳಿಗೆ ಚುಚ್ಚುವಷ್ಟು ಒರಟಾಗಿರಬಹುದು. ಎರಡರ ನಡುವೆ ಅರ್ಧ ಶತಮಾನದ ಅಂತರವಿದೆ. ಇಂದಿಗೂ ಕೈಯಿಂದ ಊದುವ ಅಲಂಕಾರದ ಸೀಸೆಗಳಲ್ಲಿ ಪಾಂಟಿಲ್ ಗುರುತು ಇರುತ್ತದೆ ಎಂಬುದೂ ನೆನಪಿರಲಿ.

ಅಕ್ಷರಗಳನ್ನು ನಾನು ಕೊನೆಗೆ ಓದುತ್ತೇನೆ. ತಿರುಪು ಮುಚ್ಚಳದ ಹಲವು ಮೇಸನ್ ಜಾಡಿಗಳ ಮೇಲೆ 1858ರ ನವೆಂಬರ್ 30 ಎಂದು ಅಚ್ಚಾಗಿರುತ್ತದೆ. ಅದು ಪೇಟೆಂಟಿನ ದಿನ. ಅದೇ ದಿನಾಂಕದ ಜಾಡಿಗಳು ಮುಂದೆ ದಶಕಗಳ ಕಾಲ ತಯಾರಾದವು. ನಂಬಬಹುದಾದ ಬರಹವೂ ಉಂಟು: ಸೀಸೆಯ ಮರುಮಾರಾಟ, ಮರುಬಳಕೆಯನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ ಎಂಬ ಇಂಗ್ಲಿಷ್ ಸಾಲಿದ್ದರೆ ಅದು 1935ರಿಂದ 1964ರ ಆಸುಪಾಸಿನ ಅಮೆರಿಕದ ಮದ್ಯದ ಸೀಸೆ.

ಆಕಾರವನ್ನೂ ಅಷ್ಟಕ್ಕಷ್ಟೇ ನಂಬಿ. ಕತ್ತಿನಲ್ಲಿ ಗೋಲಿ ಕೂರುವ ಸೀಸೆಗೆ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ; ಅಂಥವು ಈಗಲೂ ತಯಾರಾಗುತ್ತಿವೆ. ಆದರೆ ಸುಕ್ಕು ಅಂಚಿನ ತಗಡಿನ ಕ್ರೌನ್ ಮುಚ್ಚಳಕ್ಕಾಗಿಯೇ ರೂಪಿಸಿದ ಬಾಯಿ ಕಂಡರೆ, ಆ ಮುಚ್ಚಳಕ್ಕೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ 1892ಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ. ಸೀಸೆಯ ಕಾಲವನ್ನು ಕಟ್ಟುವುದು ಅದರಲ್ಲಿರುವ ಅತಿ ಹೊಸ ಲಕ್ಷಣ.

ಬಣ್ಣ ಎಲ್ಲಕ್ಕಿಂತ ದುರ್ಬಲ ಸಾಕ್ಷಿ. ಮ್ಯಾಂಗನೀಸ್ ಬೆರೆಸಿ ತಿಳಿಯಾಗಿಸಿದ ಗಾಜು ಬಿಸಿಲಿಗೆ ತಿಳಿ ನೇರಳೆಗೆ ತಿರುಗುತ್ತದೆ, ಅಂಥ ಗಾಜು ಮೊದಲ ಮಹಾಯುದ್ಧದವರೆಗೆ ಹೆಚ್ಚು ಬಳಕೆಯಲ್ಲಿತ್ತು. ಆದರೆ ವಿಕಿರಣಕ್ಕೆ ಒಡ್ಡಿ ಕಡು ನೇರಳೆ ಮಾಡಿ ಮಾರುವವರಿದ್ದಾರೆ. ಗಾಜಿನ ಅಂದವನ್ನು ಹೀಗೆ ಕೆಡಿಸುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ, ಒಮ್ಮೆ ಹಾಗೆ ಮಾಡಿದ ಸೀಸೆಯ ಸಹಜ ಬಣ್ಣ ತಾನಾಗಿ ಮರಳುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಿಮಗೆ ಸಿಗುವುದು ಒಂದು ವರ್ಷವಲ್ಲ, ಒಂದು ಅವಧಿ. ಚೀಟಿಯಲ್ಲಿ ಅವಧಿಯ ಜೊತೆಗೆ ಕಾರಣವನ್ನೂ ಬರೆದು ಸೀಸೆಯ ಕತ್ತಿಗೆ ಕಟ್ಟಿ: ‘1885–1915, ಗೆರೆ ಕತ್ತಿನಲ್ಲಿ ಅಳಿಸಿದೆ, ಪಾಂಟಿಲ್ ಇಲ್ಲ’. ಪೆನ್ಸಿಲಿನಲ್ಲೇ ಬರೆಯಿರಿ, ಇನ್ನೊಂದು ಗುರುತು ಕಂಡ ದಿನ ತಿದ್ದಬೇಕಾಗುತ್ತದೆ.